ಮಂಗಳೂರಿನ ಹಳೇ ಬಂದರು ಪೇಟೆ ಸುತ್ತುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಘಟ್ಟದ ಮೇಲಿನ ಗೆಳೆಯರು, ನೆಂಟರು ಮಂಗಳೂರಿಗೆ ಹೊರಡುವ ಮುಂಚೆ ಫೋನ್ ಮಾಡಿ ಕೇಳುವುದು ಹೆಚ್ಚುಕಮ್ಮಿ ಇವನ್ನೇ. ಬೀಚ್, ಐಸ್‌ಕ್ರೀಮ್, ಕಟೀಲು, ಧರ್ಮಸ್ಥಳ ಅಂತ ಎರಡು ದಿನದಲ್ಲಿ ಮುಗಿಸುವವರಿಗೆ ಬೇರೆ ಕಡೆ ಬೇಕಾದಷ್ಟು ಮಾಹಿತಿ ಇದೆ. ಇದು ಊರಿನ ಒಳಗೆ ಕಾಲ್ನಡಿಗೆಯಲ್ಲಿ ಸುತ್ತುವ ಮನಸ್ಸಿರುವವರಿಗೆ.

ಬಂದ ಮೇಲೆ ಮೊದಲು ಎಲ್ಲಿಗೆ ಹೋಗಬೇಕು?

ಧಕ್ಕೆಗೆ, ಅಂದರೆ ಮೀನಿನ ಬೋಟು ನಿಲ್ಲುವ ಕಟ್ಟೆಗೆ. ಬೆಳಿಗ್ಗೆ ಆರರ ಸುಮಾರಿಗೆ ಅಲ್ಲಿರಿ.

ಮೀನಿನ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ದಡಕ್ಕೆ ತಾಗಿದ ಬೋಟಿನಿಂದ ಹಿಂದಿನದಕ್ಕೆ, ಅಲ್ಲಿಂದ ಅದರ ಹಿಂದಿನದಕ್ಕೆ ಹುಡುಗರು ಜಿಗಿಯುತ್ತಲೇ ಇರುತ್ತಾರೆ. ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ ನೆಲಕ್ಕೆ ಸುರಿಯುತ್ತದೆ. ರಾಶಿಯ ಸುತ್ತ ಜನ ಸೇರುತ್ತಾರೆ. ಏಲಂ ಕೂಗುವವನ ಬಾಯಿಂದ ಬರುವ ಸಂಖ್ಯೆ ನಮಗೆ ಅರ್ಥವಾಗುವಷ್ಟರಲ್ಲಿ ರಾಶಿ ಮಾರಾಟವಾಗಿ ಅದರ ಮೇಲೆ ಮಂಜುಗಡ್ಡೆ ಬಿದ್ದಿರುತ್ತದೆ. ಕೊಳ್ಳುವವರಲ್ಲಿ ಮೀನುಗಾರ ಸಮುದಾಯದ ಮೊಗವೀರ ಹೆಂಗಸರು ಜಾಸ್ತಿ. ಅವರ ಜೊತೆ ಚೌಕಾಸಿಗೆ ಇಳಿಯುವ ಮುಂಚೆ ಎರಡು ಸಲ ಯೋಚಿಸಿ! ಒಂದು ಮೂಲೆಯಲ್ಲಿ ನಿಂತು ಕಿವಿಗೊಟ್ಟರೆ ತುಳು, ಇಲ್ಲಿನ ಮುಸ್ಲಿಮರ ಬ್ಯಾರಿ, ಮಲಯಾಳ, ತಮಿಳು, ಹಿಂದಿ ಎಲ್ಲ ಹತ್ತು ನಿಮಿಷದೊಳಗೆ ಕೇಳಿಸುತ್ತವೆ.

ಹಳೆಯ ಚಪ್ಪಲಿ ಹಾಕಿಕೊಳ್ಳಿ. ನೆಲವೆಲ್ಲ ನೀರು, ಮೀನಿನ ಪೊರೆ. ಬುಟ್ಟಿ ಹೊತ್ತವರ ದಾರಿಗೆ ಅಡ್ಡ ನಿಂತು ಸೆಲ್ಫಿ ತೆಗೆಯಬೇಡಿ. ಅಲ್ಲೇ ಪಕ್ಕದ ಹಳೇ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ತುಂಬುವ ಮಂಜಿಗಳು, ಅಂದರೆ ಸರಕಿನ ದೊಡ್ಡ ದೋಣಿಗಳು ನಿಂತಿರುತ್ತವೆ. ತರಕಾರಿ, ಅಕ್ಕಿ, ಸಿಮೆಂಟು ಎಲ್ಲ ಆ ದ್ವೀಪಗಳಿಗೆ ಹೋಗುವುದು ಇಲ್ಲಿಂದಲೂ ಹೌದು. ಮಳೆಗಾಲದಲ್ಲಿ ಮಾತ್ರ ಇವು ಓಡುವುದಿಲ್ಲ.

ಬಂದರು ಅಂದ್ರೆ ಪಣಂಬೂರು ಅಲ್ವಾ?

ಅದು ಹೊಸದು, 1970ರ ದಶಕದ್ದು. ದೊಡ್ಡ ಹಡಗು, ಕಲ್ಲಿದ್ದಲು, ಕಚ್ಚಾ ತೈಲ ಎಲ್ಲ ಅಲ್ಲಿ. ಒಳಗೆ ಸುಮ್ನೆ ಹೋಗಿ ನೋಡಲು ಬಿಡುವುದಿಲ್ಲ.

ಹಳೆಯದು ನೇತ್ರಾವತಿ ಮತ್ತು ಗುರುಪುರ ನದಿ ಸಮುದ್ರ ಸೇರುವ ಅಳಿವೆಯ ಒಳಗಿದೆ. ಅಳಿವೆ ಬಾಗಿಲಿನಲ್ಲಿ ಮರಳು ತುಂಬುತ್ತಲೇ ಇರುತ್ತದೆ. ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕಿ, ಸರಕನ್ನು ದೋಣಿಗಳಲ್ಲಿ ಒಳಗೆ ತರಬೇಕಾಗಿತ್ತು. ಹಡಗುಗಳು ದೊಡ್ಡದಾಗುತ್ತಾ ಹೋದಂತೆ ಇಲ್ಲಿ ಕೆಲಸ ಸಾಗದಾಯಿತು. ಅದಕ್ಕೇ ಪಣಂಬೂರು. ಆದರೆ ಈ ಊರನ್ನು ಊರು ಮಾಡಿದ್ದು ಹಳೇ ಬಂದರೇ.

ಇಷ್ಟೊಂದು ಜಾತಿ, ಮತ, ಭಾಷೆಯವರು ಇಲ್ಲಿ ಹೇಗೆ ಸೇರಿದರು?

ವ್ಯಾಪಾರಕ್ಕೆ ಬಂದರು, ಗಾಳಿ ತಿರುಗುವವರೆಗೆ ಕಾದರು, ಕೆಲವರು ಉಳಿದುಬಿಟ್ಟರು. ಚಿಕ್ಕ ಉತ್ತರ ಇಷ್ಟೇ.

ಘಟ್ಟದ ಕರಿಮೆಣಸು, ಶುಂಠಿ, ತೀರದ ಅಕ್ಕಿ ಇಲ್ಲಿನ ಸರಕು. ಅರಬ್ಬೀ ಸಮುದ್ರದಲ್ಲಿ ಹಾಯಿ ಹಡಗು ಓಡುವುದು ಮುಂಗಾರಿನ ಗಾಳಿಯ ಲೆಕ್ಕದಲ್ಲಿ. ಒಂದು ಗಾಳಿ ಕರೆತರುತ್ತದೆ. ವಾಪಸ್ ಹೋಗಲು ಎದುರು ಗಾಳಿಗೆ ತಿಂಗಳುಗಟ್ಟಲೆ ಕಾಯಬೇಕು. ಕಾಯುವವರಿಗೆ ಮನೆ ಬೇಕು, ನಂಬಿಕೆಯ ದಲ್ಲಾಳಿ ಬೇಕು, ಪ್ರಾರ್ಥನೆಗೆ ಒಂದು ಜಾಗ ಬೇಕು. ಇಲ್ಲೇ ಮದುವೆಯೂ ಆಗುತ್ತದೆ.

ನನಗೆ ತುಂಬಾ ಇಷ್ಟವಾದವನು ಅಬ್ರಹಾಂ ಬೆನ್ ಯಿಜು. ಟುನೀಶಿಯಾ ಮೂಲದ ಯಹೂದಿ ವ್ಯಾಪಾರಿ. 1132ರ ಸುಮಾರಿಗೆ ಇಲ್ಲಿಗೆ ಬಂದು 1149ರ ತನಕ ಹೆಚ್ಚಾಗಿ ಇಲ್ಲೇ ಇದ್ದ. ಇಲ್ಲಿ ಕಂಚಿನ ಪಾತ್ರೆ ಎರಕ ಹೊಯ್ಯುವ ಕಾರ್ಖಾನೆ ಇಟ್ಟಿದ್ದ. ಏಡನ್‌ನಲ್ಲಿದ್ದ ಗಿರಾಕಿಗಳು ಹಳೇ ಪಾತ್ರೆ ಕಳಿಸಿ ಹೊಸದು ಮಾಡಿಸಿಕೊಳ್ಳುತ್ತಿದ್ದರು. ಆಶು ಎಂಬ ಇಲ್ಲಿನ ಹೆಣ್ಣಿನ ಜೊತೆ ಸಂಸಾರ ಮಾಡಿದ. ಅವನ ಕೆಲಸದವನ ಹೆಸರು ಬೊಮ್ಮ. ಸಾಮಾನು ಹಿಡಿದು ಏಡನ್ ತನಕ ಹೋಗಿ ಬರುತ್ತಿದ್ದವನು. ಇದೆಲ್ಲ ನಮಗೆ ಗೊತ್ತಾದದ್ದು ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಉಳಿದಿದ್ದ ಹಳೇ ಕಾಗದಗಳಿಂದ. ಒಂಬೈನೂರು ವರ್ಷದ ಹಿಂದಿನ ಬೊಮ್ಮನ ಸುದ್ದಿಯನ್ನು ಈಜಿಪ್ಟ್ ಕಾಪಾಡಿ ಕೊಟ್ಟಿದೆ ನೋಡಿ.

ಆಮೇಲೆ 14ನೇ ಶತಮಾನದಲ್ಲಿ ಇಬ್ನ್ ಬತೂತ ಬಂದ. ಇಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದಾರೆ, ಪರ್ಷಿಯಾ ಮತ್ತು ಯೆಮೆನ್ ಕಡೆಯ ವ್ಯಾಪಾರಿಗಳು ಇಳಿಯುತ್ತಾರೆ ಎಂದು ಬರೆದ. ಪೋರ್ಚುಗೀಸರು 1568ರಲ್ಲಿ ಊರು ಹಿಡಿದರು. ಅವರ ಗೋವಾಕ್ಕೆ ಊಟ ಹೋಗುತ್ತಿದ್ದದ್ದೇ ಈ ಕರಾವಳಿಯ ಅಕ್ಕಿಯಿಂದ. ಗೋವಾದ ಕಡೆಯಿಂದ ಕೊಂಕಣಿ ಮಾತಾಡುವ ಎರಡು ಗುಂಪು ಬಂದವು. ಗೌಡ ಸಾರಸ್ವತರು ಒಂದು ಕಡೆ, ಕ್ಯಾಥೊಲಿಕರು ಇನ್ನೊಂದು ಕಡೆ. ಮತಾಂತರದ ಕಾಟ, ಇನ್‌ಕ್ವಿಸಿಶನ್ (ಚರ್ಚಿನ ಧರ್ಮವಿಚಾರಣೆ), ಯುದ್ಧ, ಬರ, ರೋಗ ಎಲ್ಲ ಇವರನ್ನು ದಕ್ಷಿಣಕ್ಕೆ ತಳ್ಳಿದವು. ಇಲ್ಲಿ ಕೆಳದಿ ಅರಸರಿಗೂ ಗದ್ದೆ ಮಾಡುವ ಕೈಗಳು ಬೇಕಿದ್ದವು. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು ಹಡಗಿಳಿದರು.

ತುಳುವರು, ಜೈನರು ಇವರೆಲ್ಲರಿಗಿಂತ ಮುಂಚೆ ಇಲ್ಲಿದ್ದವರು. ಅದನ್ನು ಮರೆತು ಎಲ್ಲರನ್ನೂ ವಲಸೆ ಬಂದವರು ಅಂದುಬಿಟ್ಟರೆ ನಿಮ್ಮ ಆಟೋ ಚಾಲಕರೇ ಪಾಠ ಮಾಡುತ್ತಾರೆ.

ಒಂದು ನಡಿಗೆಯಲ್ಲಿ ಏನೇನು ನೋಡಬಹುದು?

ಧಕ್ಕೆಯಿಂದ ಶುರು ಮಾಡಿ. ರೊಸಾರಿಯೊ ಚರ್ಚ್ ನೋಡಿ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಕಡೆಯಿಂದ ಬಂದರ್ ಪೇಟೆಯ ಓಣಿಗಳಿಗೆ ನುಗ್ಗಿ. ಇಲ್ಲಿ ಹೆಂಚಿನ ಮಾಡಿನ ಹಳೇ ಗೋದಾಮುಗಳು, ಗೋಣಿಚೀಲ, ಒಣಮೆಣಸಿನ ಘಾಟು. ಲಾರಿ ಹಿಂದೆ ಬರುವಾಗ ಗೋಡೆಗೆ ಅಂಟಿ ನಿಲ್ಲಬೇಕು. ಆಮೇಲೆ ಜೀನತ್ ಬಕ್ಷ್ ಮಸೀದಿ, ಅಲ್ಲಿಂದ ರಥಬೀದಿಯ ವೆಂಕಟರಮಣ ದೇವಸ್ಥಾನ, ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚ್, ಕೊನೆಗೆ ಬಾವುಟಗುಡ್ಡೆ ಹತ್ತಿ ಸಂತ ಅಲೋಶಿಯಸ್ ಚಾಪೆಲ್. ದಾರಿ ಉದ್ದವಿಲ್ಲ. ಆದರೆ ಬಿಸಿಲು, ಬೆವರು ಎರಡೂ ಜಾಸ್ತಿ. ಹನ್ನೊಂದರ ಒಳಗೆ ಗುಡ್ಡೆ ಹತ್ತಿ ಮುಗಿಸಿ.

ಜೀನತ್ ಬಕ್ಷ್ ಮಸೀದಿಯೊಳಗೆ ಬೇರೆ ಮತದವರು ಹೋಗಬಹುದಾ?

ನಮಾಜಿನ ಹೊತ್ತು ಬಿಟ್ಟು ಹೋಗಿ, ಕಚೇರಿಯಲ್ಲಿ ಕೇಳಿ. ಮರ್ಯಾದೆಯಿಂದ ಕೇಳಿದರೆ ಸಾಮಾನ್ಯವಾಗಿ ಮರ್ಯಾದೆಯ ಉತ್ತರವೇ ಸಿಗುತ್ತದೆ. ಹೆಂಗಸರಿಗೆ ಎಲ್ಲಿಯವರೆಗೆ ಬಿಡುತ್ತಾರೆ ಅನ್ನುವುದನ್ನೂ ಆಗಲೇ ಕೇಳಿಕೊಳ್ಳಿ. ಶುಕ್ರವಾರ ಮಧ್ಯಾಹ್ನ ಬೇಡ.

ಅರಬ್ ದೇಶದಿಂದ ಬಂದ ಮಾಲಿಕ್ ದೀನಾರ್ ಬಳಗ 7ನೇ ಶತಮಾನದಲ್ಲಿ ಕಟ್ಟಿಸಿದ ಮಸೀದಿ ಇದು ಅನ್ನುವುದು ಇಲ್ಲಿನವರ ನಂಬಿಕೆ. ಟಿಪ್ಪು ಸುಲ್ತಾನ್ ಇದನ್ನು ದುರಸ್ತಿ ಮಾಡಿಸಿ ಮಗಳ ಹೆಸರಿಟ್ಟ ಅನ್ನುತ್ತಾರೆ. ಒಳಗಿನ ಮರದ ಕೆಲಸವನ್ನು ನಿಂತು ನೋಡಬೇಕು. ದಪ್ಪ ತೇಗದ ಕಂಬಗಳು, ಕಂಬದ ತುಂಬ ಬಳ್ಳಿ ಹೂವಿನ ಕೆತ್ತನೆ. ತುಳುನಾಡಿನ ಗುತ್ತಿನ ಮನೆಯ ಚಾವಡಿ ನೋಡಿದವರಿಗೆ ಈ ಉಳಿಯ ಕೈ ಗುರುತು ಸಿಗುತ್ತದೆ. ಗುಮ್ಮಟ, ಮಿನಾರುಗಳ ಮಸೀದಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬಂದವರು ಸ್ವಲ್ಪ ಹೊತ್ತು ಮಾತಾಡದೆ ನಿಲ್ಲುತ್ತಾರೆ.

ಚರ್ಚುಗಳಲ್ಲಿ ಒಂದನ್ನೇ ನೋಡುವಷ್ಟು ಸಮಯ ಇದ್ದರೆ?

ಅಲೋಶಿಯಸ್ ಚಾಪೆಲ್. ಹೊರಗಿಂದ ನೋಡಿದರೆ ಕಾಲೇಜು ಆವರಣದ ಒಂದು ಸಾಧಾರಣ ಕಟ್ಟಡ. ಒಳಗೆ ಗೋಡೆ, ಕಮಾನು, ಚಾವಣಿ ಯಾವುದೂ ಖಾಲಿ ಇಲ್ಲ. ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೆನಿ 1899ರ ಹೊತ್ತಿಗೆ ಕೆಲಸ ಶುರು ಮಾಡಿ ಸುಮಾರು ಎರಡು ವರ್ಷದಲ್ಲಿ ಇಷ್ಟನ್ನೂ ಬರೆದು ಮುಗಿಸಿದರು. ಒಂದಷ್ಟು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಉಳಿದದ್ದು ಫ್ರೆಸ್ಕೊ. ಅಂದರೆ ಹಸಿ ಗಾರೆ ಒಣಗುವ ಮುಂಚೆ ಬಣ್ಣ ಹಚ್ಚಿ ಮುಗಿಸಬೇಕು. ತಿದ್ದಲು ಆಗುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ತಲೆ ಎತ್ತಿ ನೋಡಿ. ಫೋಟೊ ತೆಗೆಯುವ ಆಸೆ ಬಿಟ್ಟುಬಿಡಿ, ಕಣ್ಣಿಗೇ ಕೆಲಸ ಕೊಡಿ.

ಸಮಯ ಜಾಸ್ತಿ ಇದ್ದರೆ ಇನ್ನೆರಡನ್ನು ಇತಿಹಾಸಕ್ಕಾಗಿ ನೋಡಿ. ರೊಸಾರಿಯೊ 1568ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಶುರುವಾದದ್ದು. ಈಗಿನ ಗುಮ್ಮಟದ ಕಟ್ಟಡ 20ನೇ ಶತಮಾನದ್ದು. ಮಿಲಾಗ್ರಿಸ್ ಶುರುವಾದದ್ದು 1680ರಲ್ಲಿ. 1784ರಲ್ಲಿ ಟಿಪ್ಪು ಇಲ್ಲಿನ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ಮಿಲಾಗ್ರಿಸ್ ಆಗ ನೆಲಸಮವಾಯಿತು. ಬದುಕಿ ಉಳಿದವರು ವಾಪಸ್ ಬಂದದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ. ಮಸೀದಿ ದುರಸ್ತಿ ಮಾಡಿಸಿದ ಅನ್ನುವ ಹೆಸರು, ಚರ್ಚ್ ಕೆಡವಿಸಿದ ಹೆಸರು ಎರಡೂ ಒಬ್ಬನದೇ. ಎರಡೂ ಕಟ್ಟಡಗಳ ನಡುವೆ ಅರ್ಧ ಗಂಟೆಯ ನಡಿಗೆಯೂ ಇಲ್ಲ.

ಸುಲ್ತಾನ್ ಬತ್ತೇರಿಯಲ್ಲಿ ಏನಿದೆ?

ಕರಿಕಲ್ಲಿನ ಒಂದು ಕಾವಲು ಬುರುಜು. ಗುರುಪುರ ನದಿಗೆ ಯುದ್ಧದ ಹಡಗು ನುಗ್ಗದಂತೆ ಟಿಪ್ಪು ಕಟ್ಟಿಸಿದ್ದು. ಹತ್ತು ನಿಮಿಷ ಸಾಕು. ಸಂಜೆ ಹೊತ್ತು ಹೊಳೆ ನೋಡುತ್ತಾ ಕೂರಲು ಬೇಕಾದರೆ ಹೋಗಿ.

ಕದ್ರಿಗೆ ಎಲ್ಲರೂ ಹೋಗುತ್ತಾರೆ. ಅಲ್ಲಿ ಅಂಥದ್ದೇನು ವಿಶೇಷ?

ಹೆಚ್ಚಿನವರು ಮಂಜುನಾಥನಿಗೆ ಕೈಮುಗಿದು, ಮೆಟ್ಟಿಲಿಳಿದು ಬಂದುಬಿಡುತ್ತಾರೆ. ಅಲ್ಲಿ ಲೋಕೇಶ್ವರನ ಲೋಹದ ವಿಗ್ರಹ ಇದೆ. ಮೂರು ಮುಖ, ಆರು ಕೈ, ಪದ್ಮಾಸನ. ಸಾವಿರ ವರ್ಷ ಹಿಂದಿನದು. ಆಳುಪ ಅರಸ ಕುಂದವರ್ಮ ಇದನ್ನು ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದ ಅಂತ ಪೀಠದ ಶಾಸನ ಹೇಳುತ್ತದೆ. ವಿಹಾರ ಅಂದರೆ ಬೌದ್ಧರದು ಅಲ್ವಾ? ಅದಕ್ಕೇ ಇಲ್ಲಿ ಮೊದಲು ಬೌದ್ಧರಿದ್ದರು ಅಂತ ವಿದ್ವಾಂಸರು ವಾದಿಸುತ್ತಾರೆ. ಅರಸ ಮಾತ್ರ ಅದೇ ಶಾಸನದಲ್ಲಿ ತಾನು ಶಿವಭಕ್ತ ಅನ್ನುತ್ತಾನೆ.

ಮೇಲಿನ ಗುಡ್ಡದಲ್ಲಿ ನಾಥಪಂಥದ ಜೋಗಿ ಮಠ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ತ್ರ್ಯಂಬಕದಿಂದ ನಾಥ ಸಾಧುಗಳ ಝುಂಡಿ ನಡೆದುಕೊಂಡೇ ಇಲ್ಲಿಗೆ ಬರುತ್ತದೆ. ಆಗ ಮಠಕ್ಕೆ ಹೊಸ ಅರಸನ ಪಟ್ಟಾಭಿಷೇಕ. ಜೋಗಿಗಳಲ್ಲಿ ಮಠಾಧಿಪತಿಯನ್ನು ಅರಸ ಅಂತಲೇ ಕರೆಯುವುದು. ಹಾಗಾಗಿ ಬೌದ್ಧ, ನಾಥ, ಶೈವ ಮೂರೂ ಒಂದೇ ಗುಡ್ಡದಲ್ಲಿ ಸಿಗುತ್ತವೆ. ಮಂಗಳೂರಿನಲ್ಲಿ ಒಂದೇ ದೇವಸ್ಥಾನಕ್ಕೆ ಹೋಗುವುದಾದರೆ ನಾನು ಇದನ್ನೇ ಹೇಳುತ್ತೇನೆ.

ಕುದ್ರೋಳಿ ದೇವಸ್ಥಾನ?

ಹೋಗಿ. ಕಟ್ಟಡಕ್ಕಿಂತ ಅದರ ಕತೆಗಾಗಿ. ದೇವಸ್ಥಾನಗಳ ಒಳಗೆ ಬಿಡದಿದ್ದ ಕಾಲದಲ್ಲಿ ಬಿಲ್ಲವರು ತಮ್ಮದೇ ದೇವಸ್ಥಾನ ಕಟ್ಟಲು ಹೊರಟರು. ಕೇರಳದಿಂದ ನಾರಾಯಣ ಗುರುಗಳನ್ನು ಕರೆಸಿದರು. 1912ರಲ್ಲಿ ಗೋಕರ್ಣನಾಥೇಶ್ವರನ ಪ್ರತಿಷ್ಠೆ ಆಯಿತು. 2013ರಲ್ಲಿ ಇಲ್ಲಿ ವಿಧವೆಯರನ್ನು ಅರ್ಚಕರಾಗಿ ನೇಮಿಸಿದರು. ಮಂಗಳೂರು ದಸರಾದ ಮೆರವಣಿಗೆ ಹೊರಡುವುದೂ ಇಲ್ಲಿಂದಲೇ.

ಬಾಸೆಲ್ ಮಿಷನ್ ಹೆಸರು ಹೇಳಿದಿರಲ್ಲ. ನೋಡಲು ಏನು ಉಳಿದಿದೆ?

ತಲೆ ಎತ್ತಿ ಮಾಡು ನೋಡಿ! 1865ರಲ್ಲಿ ಜೆಪ್ಪುವಿನಲ್ಲಿ ಮಿಷನ್ನಿನವರು ಹೆಂಚಿನ ಕಾರ್ಖಾನೆ ಹಾಕಿದರು. ನದಿ ದಡದ ಜೇಡಿಮಣ್ಣು, ಘಟ್ಟದ ಸೌದೆ, ಸಾಗಿಸಲು ಬಂದರು. ಮೂರೂ ಕೈಗೆಟಕುವಷ್ಟು ಹತ್ತಿರ. ಮಂಗಳೂರು ಹೆಂಚು ಇಲ್ಲಿಂದ ದೂರ ದೂರದ ದೇಶಗಳಿಗೆ ಹೋಯಿತು. ಹಳೇ ಮನೆ ಕೆಡವಿದ ಕಡೆ ರಾಶಿ ಬಿದ್ದಿದ್ದರೆ ಒಂದು ಹೆಂಚನ್ನು ಮಗುಚಿ ನೋಡಿ. ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಇರುತ್ತದೆ. ಮಿಷನ್ನಿನ ಹೆಂಚಾದರೆ ಇಸವಿಯೂ ಇರುತ್ತದೆ.

ಕನ್ನಡ ಓದುವವರಿಗೆ ಇನ್ನೊಂದು ಋಣ ಇದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೊಗ್ಲಿಂಗ್ 1843ರಲ್ಲಿ ಇಲ್ಲಿಂದಲೇ ಹೊರಡಿಸಿದರು. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿನ ಮಿಷನ್ ಪ್ರೆಸ್ಸಿನಲ್ಲಿ. ಬಲ್ಮಠದ ಕಡೆ ಮಿಷನ್ನಿನ ಹಳೇ ಕಟ್ಟಡಗಳು, ಶಾಂತಿ ಕೆಥೆಡ್ರಲ್ ಇವೆ. ಮತಪ್ರಚಾರಕ್ಕೆ ಬಂದವರು ಅನ್ನುವುದನ್ನು ಯಾರೂ ಮುಚ್ಚಿಟ್ಟಿಲ್ಲ. ಅವರ ಪ್ರೆಸ್ಸಿನ ಫಲ ಉಂಡವರು ಮಾತ್ರ ಎಲ್ಲ ಮತದವರೂ.

ನಮಗೆ ತುಳು ಬರಲ್ಲ. ತೊಂದರೆ ಆಗುತ್ತಾ?

ಇಲ್ಲ. ಇಲ್ಲಿ ಹೆಚ್ಚಿನವರಿಗೆ ಮೂರು ನಾಲ್ಕು ಭಾಷೆ ಬರುತ್ತದೆ. ಮನೆಯಲ್ಲಿ ಕೊಂಕಣಿ ಅಥವಾ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆ ಕಚೇರಿಯಲ್ಲಿ ಕನ್ನಡ. ನಮ್ಮ ಕನ್ನಡ ನಿಮಗೆ ಪುಸ್ತಕದ ಹಾಗೆ ಕೇಳಬಹುದು. "ನೀವು ಎಲ್ಲಿಗೆ ಹೋಗುವುದು ಮಾರಾಯ್ರೆ?" ಅಂದರೆ ಸಲುಗೆಯಿಂದ ಕೇಳಿದ್ದು, ಜಗಳ ಅಲ್ಲ. ಬಾಯ್ತುಂಬ ಕುಡ್ಲ, ಕೊಡಿಯಾಲ್, ಮೈಕಾಲ ಅಂತ ಕೇಳಿದರೆ ಗಾಬರಿ ಬೇಡ. ಎಲ್ಲ ಈ ಊರೇ.

ಎದುರಿನವರ ಹೆಸರು ಕೇಳಿ ಅವರ ಭಾಷೆ ಊಹಿಸುವ ಕೆಲಸ ಮಾಡಬೇಡಿ. ಕನ್ನಡದಲ್ಲೇ ಮಾತಾಡಿ.

ಊಟಕ್ಕೆ ಏನು ತಿನ್ನಬೇಕು?

ಇದೊಂದಕ್ಕೆ ಎಷ್ಟು ಬರೆದರೂ ಸಾಲದು. ನಾಲ್ಕು ಅಡುಗೆಮನೆ ಇವೆ ಅಂತ ಇಟ್ಟುಕೊಳ್ಳಿ. ತುಳುವರದ್ದು ಕೋರಿ ರೊಟ್ಟಿ, ನೀರು ದೋಸೆ, ಬಂಗುಡೆ ಪುಳಿಮುಂಚಿ, ಮರುವಾಯಿ (ಚಿಪ್ಪುಮೀನು) ಸುಕ್ಕ. ಗೌಡ ಸಾರಸ್ವತರದ್ದು ದಾಳಿತೋಯ್, ಎಳೆ ಗೇರುಬೀಜದ ಉಪ್ಕರಿ, ಬಿಸ್ಕುಟ್ ರೊಟ್ಟಿ. ಕ್ಯಾಥೊಲಿಕರದ್ದು ಇಡ್ಲಿಯಂಥ ಸನ್ನ, ಅದರ ಜೊತೆ ಬಫಾತ್ ಮಸಾಲೆ ಪುಡಿ ಹಾಕಿದ ಹಂದಿ ಮಾಂಸ. ಹಳೇ ಕ್ರಮದಲ್ಲಿ ಸನ್ನದ ಹಿಟ್ಟು ಹುಳಿ ಬರುವುದು ಶೇಂದಿಯಿಂದ. ಬ್ಯಾರಿಗಳದ್ದು ಬಿರಿಯಾನಿ, ಅಕ್ಕಿಯ ಪಿಂಡಿ.

ಮಜಾ ಇರುವುದು ಗೋಡೆ ದಾಟಿದ ಕಡೆ. ಪತ್ರೊಡೆ ಎಲ್ಲರ ಮನೆಯಲ್ಲೂ ಇದೆ, ಎಲ್ಲರೂ ತಮ್ಮದೇ ಸರಿ ಅನ್ನುತ್ತಾರೆ. ಪುಳಿಮುಂಚಿಗೆ ಹಾಕುವ ಒಣಮೆಣಸು, ನಾವು ನಮ್ಮದು ಅಂತ ಹೊಗಳುವ ಗೇರುಬೀಜ, ಎರಡೂ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕ ಖಂಡದ ಕಡೆಯಿಂದ ಬಂದವು. ಈಗ ಮೆಣಸು ಘಟ್ಟ ಇಳಿದು ಬ್ಯಾಡಗಿಯಿಂದ ಬರುತ್ತದೆ.

ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ತಾಜಾ ಮೀನು ಕಡಿಮೆ, ರೇಟು ಜಾಸ್ತಿ. ಹೋಟೆಲಿನಲ್ಲಿ "ಇವತ್ತು ಬಂದದ್ದಾ?" ಅಂತ ಧೈರ್ಯವಾಗಿ ಕೇಳಿ.

ಸಸ್ಯಾಹಾರಿಗಳಿಗೆ ರಥಬೀದಿ ಸುತ್ತಮುತ್ತ ಚಿಂತೆಯೇ ಇಲ್ಲ. ಬೆಳಿಗ್ಗೆ ಸಜ್ಜಿಗೆ ಬಜಿಲ್, ಬನ್ಸ್. ಸಂಜೆ ಗೋಳಿಬಜೆ. ಗಡ್‌ಬಡ್ ಐಸ್‌ಕ್ರೀಮ್ ತಿನ್ನದೆ ಯಾರೂ ಹೋಗುವುದಿಲ್ಲ, ಅದನ್ನು ನಾನು ಹೇಳಬೇಕಾಗಿಲ್ಲ.

ಯಾವ ತಿಂಗಳು ಒಳ್ಳೆಯದು?

ನವೆಂಬರಿನಿಂದ ಫೆಬ್ರವರಿ ಸುಲಭ. ಆದರೆ ನನ್ನ ಮಾತು ಕೇಳುವುದಾದರೆ ಆಗಸ್ಟ್ ಕೊನೆಯಿಂದ ದಸರಾ ತನಕ ಬನ್ನಿ. ಮಳೆ ಬಿಟ್ಟು ಬಿಟ್ಟು ಬರುತ್ತದೆ. ಅಷ್ಟಮಿಗೆ ಮೊಸರುಕುಡಿಕೆ. ಸೆಪ್ಟೆಂಬರ್ 8ಕ್ಕೆ ಕ್ಯಾಥೊಲಿಕರ ಮೊಂತಿ ಹಬ್ಬ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬ. ಮಕ್ಕಳು ಹೂವು ತರುತ್ತಾರೆ, ಹೊಸ ತೆನೆ ಆಶೀರ್ವಾದ ಮಾಡಿಸಿ ಮನೆಗೆ ಒಯ್ಯುತ್ತಾರೆ. ಆ ದಿನ ಅವರ ಮನೆಯಲ್ಲಿ ಮೀನು, ಮಾಂಸ ಇಲ್ಲ. ಅದೇ ಸುಮಾರಿಗೆ ಹಿಂದೂಗಳ ಮನೆಗಳಲ್ಲೂ ತೆನೆ ಕಟ್ಟುವ ಹೊಸಕ್ಕಿ ಊಟ. ದಸರಾಕ್ಕೆ ಬೀದಿ ಬೀದಿಯಲ್ಲಿ ಹುಲಿವೇಷದ ತಾಸೆ ವಾದ್ಯದ ಸದ್ದು. ರಂಜಾನ್ ತಿಂಗಳಾದರೆ ಸಂಜೆ ಬಂದರ್ ಕಡೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ.

ಜೂನ್, ಜುಲೈ ಮಳೆ ನೋಡಲು ಬರುವವರು ಬೇರೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಸುರಿಯುವ ಊರು ಇದು. ಕೊಡೆ ಸಾಕಾಗಲ್ಲ.

ಭೂತಕೋಲ ನೋಡಲು ಟಿಕೆಟ್ ಎಲ್ಲಿ ಸಿಗುತ್ತೆ?

ಟಿಕೆಟ್ ಇಲ್ಲ. ಅದು ಪ್ರದರ್ಶನ ಅಲ್ಲ, ಒಂದು ಮನೆತನದ ಅಥವಾ ಊರಿನ ಸೇವೆ. ಹೆಚ್ಚಾಗಿ ಡಿಸೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ ನಡೆಯುತ್ತದೆ. ಪರಿಚಯದವರ ಜೊತೆ ಹೋಗಿ. ದೈವ ನುಡಿ ಕೊಡುವಾಗ ಮೊಬೈಲ್ ಜೇಬಿನಲ್ಲಿರಲಿ.

ಪೇಪರಿನಲ್ಲಿ ಕೋಮು ಗಲಾಟೆ ಸುದ್ದಿ ನೋಡ್ತೇವೆ. ಬರಬಹುದಾ?

ಬರಬಹುದು. ಆದರೆ ಸೌಹಾರ್ದದ ಊರು ಅಂತ ಬಣ್ಣ ಬಳಿದು ಕಳಿಸುವುದಿಲ್ಲ. 2008ರ ಸೆಪ್ಟೆಂಬರಿನಲ್ಲಿ ಇಲ್ಲಿನ ಚರ್ಚು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆಗಿದೆ. ಕೊಲೆಗಳಾಗಿವೆ. ಹುಡುಗ ಹುಡುಗಿ ಒಟ್ಟಿಗೆ ಕೂತರೆ ಅಡ್ಡಗಟ್ಟಿ ಹೆಸರು ಕೇಳಿದ ಪ್ರಕರಣಗಳೂ ಇವೆ. ಊರಿನವರಿಗೆ ಇದು ನಾಚಿಕೆಯ ವಿಷಯ, ಒಂದಷ್ಟು ಜನಕ್ಕೆ ರಾಜಕೀಯದ ಬಂಡವಾಳ.

ಅದರ ಜೊತೆಗೇ ಬಂದರ್ ಪೇಟೆಯಲ್ಲಿ ದಿನಾ ಬೆಳಿಗ್ಗೆ ಸಾರಸ್ವತ ಶೆಣೈಯವರ ಅಂಗಡಿಗೆ ಬ್ಯಾರಿ ವ್ಯಾಪಾರಿಯ ಮಾಲು ಬಾಯಿಮಾತಿನ ಸಾಲದಲ್ಲಿ ಇಳಿಯುವಂಥ ವ್ಯವಹಾರವೂ ನಡೆಯುತ್ತದೆ. ಇದನ್ನು ಪ್ರೀತಿ ಅನ್ನಲು ಹೋಗಬೇಡಿ. ಲೆಕ್ಕ ಚುಕ್ತಾ ಆಗುವ ನಂಬಿಕೆ. ನನ್ನ ಮಟ್ಟಿಗೆ ಭಾಷಣದ ಸೌಹಾರ್ದಕ್ಕಿಂತ ಇದು ಗಟ್ಟಿ. ಪ್ರವಾಸಿಗರಿಗೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ನಿಷೇಧಾಜ್ಞೆ ಇದ್ದರೆ ಲಾಡ್ಜಿನವರೇ ಹೇಳುತ್ತಾರೆ, ಅಂದು ರಾತ್ರಿ ಸುತ್ತಾಟ ಬೇಡ.

ಊರೊಳಗೆ ಓಡಾಡುವುದು ಹೇಗೆ?

ಖಾಸಗಿ ಸಿಟಿ ಬಸ್ಸಿನಲ್ಲಿ. ಸ್ಟೇಟ್‌ಬ್ಯಾಂಕ್ ಅಂತ ಕಂಡಕ್ಟರ್ ಕೂಗುವುದು ಬ್ಯಾಂಕಿಗಲ್ಲ, ಬಸ್ ನಿಲ್ದಾಣಕ್ಕೆ. ಬಸ್ ಪೂರ್ತಿ ನಿಲ್ಲುತ್ತದೆ ಅನ್ನುವ ಭ್ರಮೆ ಬೇಡ, ಇಳಿಯಲು ಮೊದಲೇ ಬಾಗಿಲ ಹತ್ತಿರ ಬನ್ನಿ. ರೈಲಿನವರು ಟಿಕೆಟ್ ನೋಡಿಕೊಳ್ಳಿ. ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ.

ಅರ್ಧ ದಿನ ಮಿಕ್ಕಿದರೆ?

ದಕ್ಷಿಣಕ್ಕೆ ನೇತ್ರಾವತಿ ದಾಟಿದರೆ ಉಳ್ಳಾಲ. ಪೋರ್ಚುಗೀಸರಿಗೆ ಸಡ್ಡು ಹೊಡೆದ ಜೈನ ರಾಣಿ ಅಬ್ಬಕ್ಕನ ಊರು. ಸಯ್ಯದ್ ಮದನಿ ದರ್ಗಾ ಇಲ್ಲೇ. ಸೋಮೇಶ್ವರದ ದೇವಸ್ಥಾನ ಕಡಲ ಬಂಡೆಯ ಮೇಲಿದೆ. ನೀರಿಗೆ ಇಳಿಯಬೇಡಿ, ಸೆಳೆತ ಜಾಸ್ತಿ.

ಉತ್ತರಕ್ಕಾದರೆ ಮೂಲ್ಕಿಯ ಬಪ್ಪನಾಡು. ಬಪ್ಪ ಬ್ಯಾರಿ ಎಂಬ ವ್ಯಾಪಾರಿಯ ದೋಣಿ ಶಾಂಭವಿ ಹೊಳೆಯಲ್ಲಿ ನಿಂತುಬಿಟ್ಟಿತು, ದುರ್ಗೆ ಕನಸಿನಲ್ಲಿ ಬಂದಳು, ಅವನೇ ಗುಡಿ ಕಟ್ಟಿಸಿದ ಅನ್ನುವುದು ಕತೆ. ಇವತ್ತಿಗೂ ಜಾತ್ರೆಯಲ್ಲಿ ಆ ಮನೆತನಕ್ಕೆ ಪ್ರಸಾದ ಸಲ್ಲುತ್ತದೆ.

ಊರಿಗೆ ಏನು ಕೊಂಡೊಯ್ಯಬಹುದು?

ಬಫಾತ್ ಪುಡಿ, ಕೋರಿ ರೊಟ್ಟಿಯ ಪ್ಯಾಕೆಟ್, ಗೇರುಬೀಜ, ಹಲಸಿನ ಹಪ್ಪಳ. ಸೆಂಟ್ರಲ್ ಮಾರ್ಕೆಟ್ ಸುತ್ತ ಎಲ್ಲ ಸಿಗುತ್ತದೆ. ಒಣಮೀನು ಬೇಕಾದರೆ ಎರಡು ಪ್ಲಾಸ್ಟಿಕ್ ಒಳಗೆ ಬಿಗಿಯಾಗಿ ಕಟ್ಟಿಸಿ, ಮೇಲೊಂದು ಪೇಪರ್ ಸುತ್ತಿಸಿ. ಎಸಿ ಬಸ್ಸಿನಲ್ಲಿ ಹೋಗುವವರಾದರೆ ಬೇಡವೇ ಬೇಡ, ಸಕಲೇಶಪುರ ಬರುವಷ್ಟರಲ್ಲಿ ಇಡೀ ಬಸ್ಸು ನಿಮ್ಮ ಕಡೆ ತಿರುಗಿರುತ್ತದೆ.